ಆರನೆಯ ಸಖಿ

ದೆವ್ವ, ಮಾಟ, ದೃಷ್ಟಿ ಎಂದು ಯಾರಾದರೂ ಮಾತು ತೆಗೆದರೆ ನಾನು ಎದ್ದು ಹೋಗುವವಳು. ಹೋಗದಿದ್ದರೆ ಅಲ್ಲೇ ಕೂತು ನಗುವವಳು. ನಮ್ಮ ಬಳಗದ ಮದುವೆಗಳಲ್ಲಿ ಊಟ ಮುಗಿದು ಇಂಥ ಕಥೆಗಳಿಗೆ ರಂಗೇರುವಾಗ ನಾನು ಹತ್ತಿರ ಬಂದೆನೆಂದರೆ ಹೇಳುತ್ತಿದ್ದವರು ಬಾಯಿ ಮುಚ್ಚಿ ಎಲೆ ಅಡಿಕೆಗೆ ಕೈ ಹಾಕುತ್ತಿದ್ದರು. ಹಾಗಿರುವ ನಾನೇ ಈಗ ಒಂದು ಕಥೆ ಹೇಳಲು ಕೂತಿದ್ದೇನೆ, ನಗುವವರು ಧಾರಾಳ ನಗಬಹುದು. ಇದು ಅಮಾವಾಸ್ಯೆಯ ರಾತ್ರಿ ನಡೆದಿದ್ದರೆ ನಿಮಗೂ ನನಗೂ ಸಮಾಧಾನವಿರುತ್ತಿತ್ತು, ಕತ್ತಲಲ್ಲಿ ಏನೋ ಕಂಡಿರಬೇಕು ಎಂದು ಬಿಡಬಹುದಿತ್ತು. ಆದರೆ ಇದು ನಡೆದದ್ದು ಹಾಡಹಗಲು, ಕಿಟಕಿ ತೆರೆದಿದ್ದ ಕೋಣೆಯಲ್ಲಿ, ಹೊಟ್ಟೆ ತುಂಬ ಊಟ ಮಾಡಿದ ಮೇಲೆ.

ನಾನು ಮೈಸೂರಿನಲ್ಲಿ ಗುರುಗಳೊಬ್ಬರ ಮನೆಯಲ್ಲಿದ್ದು ಸಾಂಪ್ರದಾಯಿಕ ಚಿತ್ರಕಲೆ ಕಲಿತವಳು. ಸಫೇದ ಎಂಬ ಬಿಳಿಯ ಪುಡಿಯನ್ನು ಅಂಟಿನಲ್ಲಿ ಅರೆದು ಉಬ್ಬುಗೆಲಸ ಮಾಡಿ, ಅದರ ಮೇಲೆ ಚಿನ್ನದ ರೇಕು ಕೂರಿಸುವ ಆ ಹಳೆಯ ಕ್ರಮ. ತೊಂಬತ್ತೇಳರ ಸುಮಾರಿಗೆ ಕುಂದಾಪುರಕ್ಕೆ ಮರಳಿದಾಗ ಗೋಡೆಗೆ ಹಾಕುವ ಚಿತ್ರವನ್ನು ಯಾರೂ ಕೇಳಲಿಲ್ಲ. ಕೇಳಿದ್ದು ಕಪಾಟು, ಮಂಚ, ಉಯ್ಯಾಲೆ. ಹಿಂದೆ ಈ ಚಿತ್ರಗಳನ್ನು ಬರೆಯುತ್ತಿದ್ದದ್ದೂ ಹಲಸಿನ ಹಲಗೆಯ ಮೇಲೆಯೇ, ನಮ್ಮ ಕಡೆ ಮನೆಸಾಮಾನು ಮಾಡಿಸುವುದೂ ಹಲಸಿನಲ್ಲಿಯೇ. ಎರಡನ್ನೂ ಒಂದು ಮಾಡಿದರೇನು ಎಂದು ಕೋಟೇಶ್ವರದ ಶೀನ ಆಚಾರ್ರನ್ನು ಜೊತೆಗೆ ಹಾಕಿಕೊಂಡೆ. ಅವರು ಮರದ ಕೆಲಸ ಮಾಡುವುದು, ನಾನು ಅದರೊಳಗೆ ಚಿತ್ರದ ಹಲಗೆ ಕೂರಿಸುವುದು.

ಮೊದಲು ಮಾಡಿದ್ದು ಒಂದು ಕುರ್ಚಿ. ಬೆನ್ನು ಒರಗುವಲ್ಲಿ ಗಣಪತಿಯನ್ನು ಬರೆದಿದ್ದೆ. ಕೊಂಡವರು ಅದನ್ನು ಜಗಲಿಯಲ್ಲಿಟ್ಟರು. ಒಬ್ಬರೂ ಕೂರಲಿಲ್ಲ. ಮುಂದಿನ ಸಲ ಹೋದಾಗ ಕುರ್ಚಿ ದೇವರ ಕೋಣೆಯಲ್ಲಿತ್ತು, ಎದುರಿಗೆ ದೀಪ ಉರಿಯುತ್ತಿತ್ತು, ಮನೆಯ ಯಜಮಾನರು ನೆಲದ ಮೇಲೆ ಕೂತು ನನ್ನ ಜೊತೆ ಮಾತಾಡಿದರು. ಅಂದಿನಿಂದ ಕೂರುವ, ಮಲಗುವ ಸಾಮಾನಿಗೆ ದೇವರನ್ನು ಬರೆಯುವುದು ಬಿಟ್ಟೆ. ಗಿಳಿ, ಹೂಬಳ್ಳಿ, ಹೆಚ್ಚೆಂದರೆ ಸಖಿಯರು. ಸಖಿಯರಿಗೆ ಯಾರೂ ಆರತಿ ಎತ್ತುವುದಿಲ್ಲ, ಅವರ ಎದುರು ಕಾಲು ಚಾಚಿದರೆ ಪಾಪವೂ ಬರುವುದಿಲ್ಲ.

ಗುರುಗಳ ಮನೆಯ ಒಂದು ಪದ್ಧತಿಯನ್ನು ಮಾತ್ರ ಬಿಟ್ಟಿರಲಿಲ್ಲ. ಚಿತ್ರದ ಕಣ್ಣು ಕಡೆಗೆ ಬರೆಯಬೇಕು, ಅದೂ ಚಿತ್ರ ಉಳಿಯುವ ಮನೆಯಲ್ಲಿಯೇ. ಬರೆಯುವಾಗ ಆ ಮನೆಯ ಮುತ್ತೈದೆ ಚಿತ್ರದ ಎದುರು ಕನ್ನಡಿ ಹಿಡಿಯಬೇಕು. ಕಣ್ಣು ತೆರೆದ ಚಿತ್ರ ಮೊದಲು ನೋಡುವುದು ತನ್ನನ್ನೇ ಆಗಿರಬೇಕು, ಮನುಷ್ಯರನ್ನಲ್ಲ ಎಂದು ಗುರುಗಳು ಹೇಳುತ್ತಿದ್ದರು. ನನಗೆ ಇದರಲ್ಲಿ ನಂಬಿಕೆ ಇತ್ತೇ? ಖಂಡಿತ ಇಲ್ಲ. ಮನೆಯವರಿಗೆ ಇಷ್ಟವಾಗುತ್ತಿತ್ತು, ವ್ಯಾಪಾರಕ್ಕೆ ಒಳ್ಳೆಯದಾಗುತ್ತಿತ್ತು, ಅದಕ್ಕೆ ಮಾಡುತ್ತಿದ್ದೆ.

ಎರಡು ಸಾವಿರದ ಇಸವಿ ಕಳೆದ ಹೊಸತರಲ್ಲಿ ಬಿಜೂರಿನ ಪದ್ದಮ್ಮ ನಮ್ಮ ಕಾರ್ಖಾನೆಗೆ ಬಂದರು. ಗದ್ದೆ, ತೋಟ ಇದ್ದ ದೊಡ್ಡ ಮನೆಯ ಹೆಂಗಸು. ಗಂಡ ತೀರಿ ವರ್ಷಗಳಾಗಿದ್ದವು. ಒಬ್ಬನೇ ಮಗ ಮುಂಬಯಿಯಲ್ಲಿ ಹೋಟೆಲು ನಡೆಸುತ್ತಿದ್ದ. ಯಾವುದೋ ನೆಂಟರ ಮನೆಯಲ್ಲಿ ನನ್ನ ಕಪಾಟು ನೋಡಿ ಬಂದಿದ್ದರು.

"ಮಗನ ಮದಿ ಬಂತ್ ಮಾರಾಯ್ತಿ. ಊರಗ್ ಯಾರ ಮನಿಯಗೂ ಇಲ್ದಿದ್ದಂಥ ಮಂಚ ಆಯ್ಕ್" ಎಂದು ಕೆಲಸ ಒಪ್ಪಿಸಿದರು.

ಆ ಮಂಚದ ತಲೆಹಲಗೆಗೆ ನಾನು ಪಟ್ಟ ಪಾಡು ಬೇರೆ ಯಾವುದಕ್ಕೂ ಪಟ್ಟಿಲ್ಲ. ನಡುವೆ ಹೂಬಿಟ್ಟ ಮರ, ಅದರ ಕೊಂಬೆಯಲ್ಲಿ ಒಂದು ಖಾಲಿ ಉಯ್ಯಾಲೆ. ಅತ್ತ ಮೂವರು, ಇತ್ತ ಮೂವರು ಸಖಿಯರು, ಚಾಮರ ಹಿಡಿದು, ತಾಂಬೂಲ ಹಿಡಿದು ಆ ಉಯ್ಯಾಲೆಯನ್ನೇ ಬಗ್ಗಿ ನೋಡುತ್ತಿದ್ದಾರೆ. ಮಂಚದಲ್ಲಿ ಮಲಗುವ ಗಂಡ ಹೆಂಡಿರೇ ಉಯ್ಯಾಲೆಯ ಜೋಡಿ ಎಂಬುದು ನನ್ನ ಕಲ್ಪನೆ. ನನ್ನ ಬುದ್ಧಿವಂತಿಕೆಗೆ ನಾನೇ ಹಿಗ್ಗಿದ್ದೆ. ಕಣ್ಣೊಂದು ಬಿಟ್ಟು ಉಳಿದದ್ದೆಲ್ಲ ಮುಗಿಸಿ, ಟೆಂಪೋದಲ್ಲಿ ಮಂಚ ಹೇರಿಕೊಂಡು ಆಚಾರ್ರೂ ನಾನೂ ತ್ರಾಸಿ ದಾಟಿ ಬಿಜೂರಿಗೆ ಹೋದೆವು.

ಆಚಾರ್ರು ಮಂಚ ಜೋಡಿಸುತ್ತಿರುವಾಗ ನಾನು ನೀರು ಕೇಳಿಕೊಂಡು ಅಡಿಗೆಮನೆಗೆ ಹೋದೆ. ಅಲ್ಲೊಬ್ಬಳು ತೆಂಗಿನಕಾಯಿ ತುರಿಯುತ್ತಿದ್ದಳು. ವಯಸ್ಸು ಮೂವತ್ತರ ಆಸುಪಾಸು, ತೆಳ್ಳಗೆ, ಕೊರಳಲ್ಲಿ ಕರಿಮಣಿ. ಎದ್ದು ಬೆಲ್ಲ ನೀರು ಕೊಟ್ಟಳು. ಹೆಸರು ಜಲಜ ಎಂದಳು. ಮದುವೆಯ ಕೆಲಸಕ್ಕೆ ಬಂದ ನೆಂಟರವಳಿರಬೇಕೆಂದು, "ನೀವ್ ಮದಿ ಗಂಡಿಗ್ ಎಂತ ಆಯ್ಕ್?" ಎಂದು ಕೇಳಿದೆ.

"ನಾನಾ?" ಎಂದು ನಕ್ಕಳು. "ಮದಿ ಗಂಡಿನ ಹೆಂಡ್ತಿ."

ತಮಾಷೆ ಎಂದುಕೊಂಡು ನಾನೂ ನಕ್ಕೆ. ಅವಳು ಮತ್ತೆ ತುರಿಯುವುದಕ್ಕೆ ಕೂತಳು. ತಮಾಷೆಯಲ್ಲ ಎಂದು ಆಗ ಗೊತ್ತಾಯಿತು. ಮಕ್ಕಳಾಗಲಿಲ್ಲ ಎಂಬುದು ಅವಳ ಅಪರಾಧ. ಗಂಡ ವರ್ಷಕ್ಕೊಮ್ಮೆ ಹಬ್ಬಕ್ಕೆ ಬಂದು ಹೋಗುವವನು. ಇವಳನ್ನು ಒಂದು ದಿನವೂ ಮುಂಬಯಿಗೆ ಕರೆದೊಯ್ದವನಲ್ಲ. ಮಕ್ಕಳು ಅಂಚೆಯಲ್ಲಿ ಬರಬೇಕಿತ್ತೋ ಏನೋ. ಹೊಸ ಹೆಣ್ಣಿನ ಮನೆಯವರಿಗೂ ಎಲ್ಲ ಗೊತ್ತಿತ್ತಂತೆ, ಊರಿಗೂ ಗೊತ್ತಿತ್ತಂತೆ. ನನಗೆ ಮೈ ಉರಿದುಹೋಯಿತು. ಹೆಂಡತಿ ಇರುವಾಗ ಇನ್ನೊಂದು ಮದುವೆ ಕಾನೂನಿಗೆ ವಿರುದ್ಧ, ದೂರು ಕೊಡು ಎಂದೆ. ಅವಳು ನನ್ನನ್ನೇ ಏನೂ ತಿಳಿಯದ ಮಗುವೆಂಬಂತೆ ನೋಡಿದಳು.

"ಕೇಸ್ ಹಾಕಿರೆ ಉಂಬುದ್ ಎಲ್ಲಿ ಅಕ್ಕ? ಬಾರ್ಕೂರಗ್ ತಮ್ಮ ಇದ್ದ, ಅವ್ನ ಹೆಂಡ್ತಿ ನನ್ ಕಂಡ್ರೆ ಬಾಗ್ಲ್ ಹಾಕತ್ತ್. ಇಲ್ಲ್ ಅಡಿಗಿಮನಿ ಬದಿ ಕ್ವಾಣಿ ನಂಗ್ ಕೊಡ್ತೆ ಅಂದಿದ್ರ್ ಅತ್ತಿ. ಅಷ್ಟ್ ಸಾಕ್."

ಆ ಕೋಣೆಯನ್ನು ನಾನು ನೋಡಿದೆ. ಕಟ್ಟಿಗೆ, ಖಾಲಿ ಗೋಣಿಚೀಲ, ಒಂದು ಸಣ್ಣ ಕಿಟಕಿ. ಅವಳಿಗೆ ಈ ಲೋಕದಲ್ಲಿ ಬೇಕಾಗಿದ್ದದ್ದು ಅಷ್ಟೇ.

ಕಣ್ಣು ಬರೆಯುವ ಹೊತ್ತಾಯಿತು. ಕನ್ನಡಿ ಹಿಡಿಯಲು ಮನೆಯ ಮುತ್ತೈದೆ ಬೇಕಲ್ಲ. ಪದ್ದಮ್ಮ ವಿಧವೆ, ಅವರು ಹಿಡಿಯುವಂತಿಲ್ಲ. ಇಂಥ ವಿಷಯದಲ್ಲಿ ಅವರು ಭಾರಿ ಕಟ್ಟುನಿಟ್ಟು. ಅಡಿಗೆಮನೆಯ ಕಡೆ ತಿರುಗಿ, "ಈ ಮನಿಯಗ್ ಈಗ ಇಪ್ಪು ಮುತ್ತೈದೆ ಇದೊಂದೇ. ಬಾ ಹೆಣ್ಣೇ, ಒಂದ್ ಕೆಲ್ಸಕ್ಕಾರೂ ಬತ್ಯಾ ಕಾಂಬ" ಎಂದರು. ನಾನು ಕನ್ನಡಿ ಬೇಡ, ಅದೆಲ್ಲ ಸುಮ್ಮನೆ, ಹಾಗೆಯೇ ಬರೆಯುತ್ತೇನೆ ಎಂದೆ. ಅವರು ಕೇಳಲಿಲ್ಲ. ನೆಂಟರ ಮನೆಯಲ್ಲಿ ಮಾಡಿದ ಶಾಸ್ತ್ರ ತಮ್ಮ ಮನೆಯಲ್ಲಿ ಯಾಕಿಲ್ಲ ಎಂದರು. ಪಕ್ಕದ ಮನೆಯ ಯಾರನ್ನಾದರೂ ಕರೆಯೋಣ ಎಂದರೆ, ಹೊರಗಿನವರ ಕಣ್ಣು ಬೀಳುವುದು ಬೇಡವಂತೆ. ಜಲಜ ಕೈ ಒರೆಸಿಕೊಂಡು ಬಂದಳು. ಅವಳ ಕೈಯಲ್ಲಿದ್ದದ್ದು ಹಿತ್ತಾಳೆಯ ಹಿಡಿ ಇದ್ದ ಕೈಗನ್ನಡಿ. ಅವಳದೇ ಮದುವೆಯದ್ದು.

ಮಂಚದ ಕಾಲ ಬದಿ ಕಿಟಕಿಯ ಹತ್ತಿರ ಅವಳು ಕನ್ನಡಿ ಎತ್ತಿ ಹಿಡಿದು ನಿಂತಳು. ನಾನು ಪಕ್ಕದಿಂದ ಒಬ್ಬೊಬ್ಬ ಸಖಿಗೆ ಕಣ್ಣು ಬರೆಯುತ್ತ ಹೋದೆ. ಎಲ್ಲರ ಪಾಪೆಯೂ ಕೆಳಗೆ, ನಡುವಿನ ಉಯ್ಯಾಲೆಯ ಕಡೆಗೆ. ಇದರಲ್ಲಿ ನನ್ನ ಕೈ ತಪ್ಪುವುದಿಲ್ಲ. ಆರನೆಯವಳ ಎರಡನೆಯ ಕಣ್ಣು ಬರೆಯುವಾಗ ಜಲಜಳ ಕೈ ಸೋತು ಕನ್ನಡಿ ಸ್ವಲ್ಪ ವಾಲಿತು.

"ಕನ್ನಡಿ ಹಿಡುಕೂ ಬತ್ತಿಲ್ಯಾ ನಿಂಗೆ? ಹೆರುಕಂತೂ ಬರ್ಲಿಲ್ಲ" ಎಂದರು ಪದ್ದಮ್ಮ.

ಜಲಜಳ ಕೈ ಪೂರ್ತಿ ಕೆಳಗಿಳಿಯಿತು. ನಾನು ಕುಂಚ ಎತ್ತಿದಾಗ ಆರನೆಯ ಸಖಿಯ ಎದುರು ಕನ್ನಡಿ ಇರಲಿಲ್ಲ, ಇವಳ ಮುಖವಿತ್ತು. ಅವಳು ಅಳುತ್ತಿರಲಿಲ್ಲ. ಸುಮ್ಮನೆ ಚಿತ್ರವನ್ನು ನೋಡುತ್ತಿದ್ದಳು.

ಆಮೇಲೆ ಊಟ. ಜಲಜಳೇ ಬಡಿಸಿದಳು, ಪಾಯಸವೂ ಇತ್ತು. ಕೈ ತೊಳೆಯುತ್ತಿರುವಾಗ ಮಂಚದ ಕೋಣೆಯಿಂದ ಪದ್ದಮ್ಮನ ಕೂಗು ಕೇಳಿತು.

"ಹ್ವಾಯ್, ಇಲ್ಲ್ ಬನ್ನಿ ಕಾಂಬ! ಇವೆಂತಕೆ ಹಿಂಗ್ ಕಾಂತಿದ್ದೊ?"

ಹೋಗಿ ನೋಡಿದೆ. ಆರು ಸಖಿಯರಲ್ಲಿ ಒಬ್ಬಳೂ ಉಯ್ಯಾಲೆಯನ್ನು ನೋಡುತ್ತಿರಲಿಲ್ಲ. ಹನ್ನೆರಡು ಪಾಪೆಗಳೂ ಒಂದೇ ಕಡೆಗೆ, ಅಡಿಗೆಮನೆಯ ಬಾಗಿಲಿನ ಕಡೆಗೆ ತಿರುಗಿದ್ದವು. ಚಿತ್ರದ ಕಣ್ಣು ನೇರ ಎದುರಿಗಿದ್ದರೆ ನೋಡುವವರು ಎಲ್ಲಿ ನಿಂತರೂ ತಮ್ಮನ್ನೇ ನೋಡಿದಂತೆ ಕಾಣುತ್ತದೆ, ಇದು ಎಲ್ಲರಿಗೂ ಗೊತ್ತಿರುವ ಸಂಗತಿ. ಇದು ಅದಲ್ಲ. ನಾನು ಎಲ್ಲಿ ನಿಂತರೂ ಅವರು ನನ್ನನ್ನು ನೋಡಲಿಲ್ಲ. ನನ್ನನ್ನು ದಾಟಿ ಆ ಬಾಗಿಲನ್ನೇ ನೋಡುತ್ತಿದ್ದರು. ಬಾಗಿಲಿನಾಚೆ ಜಲಜ ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು.

ಪದ್ದಮ್ಮ ಅವಳನ್ನು ಕರೆದರು. ಅವಳು ಬಂದು ಕಪಾಟಿನ ಪಕ್ಕ ನಿಂತಳು. ನಾನು ಅವಳನ್ನೊಮ್ಮೆ ನೋಡಿ ಚಿತ್ರಕ್ಕೆ ತಿರುಗುವಷ್ಟರಲ್ಲಿ ಪಾಪೆಗಳು ಕಪಾಟಿನ ಕಡೆಗಿದ್ದವು. "ಅಲ್ಲ್ ಹೋಯ್ ನಿಲ್ಲ್" ಎಂದರು ಪದ್ದಮ್ಮ. ಕಿಟಕಿಯ ಹತ್ತಿರ ಹೋದಳು, ಕಣ್ಣುಗಳು ಕಿಟಕಿಯ ಕಡೆಗೆ. ಬಾಗಿಲಿಗೆ ಬಂದಳು, ಬಾಗಿಲ ಕಡೆಗೆ. ಒಂದು ಮಾತು ಸ್ಪಷ್ಟ ಹೇಳುತ್ತೇನೆ, ಅವು ಚಲಿಸಿದ್ದನ್ನು ನಾನು ಒಮ್ಮೆಯೂ ಕಾಣಲಿಲ್ಲ. ನೋಡಿದಾಗೆಲ್ಲ ಅವು ಆಗಲೇ ಅವಳಿದ್ದಲ್ಲಿಗೆ ತಿರುಗಿರುತ್ತಿದ್ದವು. ಪದ್ದಮ್ಮ ಅವಳನ್ನು ಆ ಕೋಣೆಯಲ್ಲಿ ದನ ತಿರುಗಿಸಿದ ಹಾಗೆ ತಿರುಗಿಸಿದರು. ಆಚಾರ್ರು ಒಂದು ಸಲ ಕಣ್ಣೆತ್ತಿ ನೋಡಿ, ಬೀಡಿ ಹಚ್ಚುವ ನೆಪದಲ್ಲಿ ಹೊರಗೆ ಹೋದರು.

ಆ ಹೊತ್ತಿನಲ್ಲಿ ನನಗೆ ಭಯಕ್ಕಿಂತ ಹೆಚ್ಚಾಗಿ ಒಂದು ಬಗೆಯ ಖುಷಿಯೇ ಆಗಿತ್ತೆಂದು ಹೇಳಬೇಕು. ಯಾರೂ ಕಣ್ಣೆತ್ತಿ ನೋಡದ ಹೆಂಗಸನ್ನು ಆರು ಜನ ನೋಡುತ್ತಿದ್ದಾರಲ್ಲ, ಈಗಲಾದರೂ ಈ ಮುದುಕಿಗೆ ಹೆದರಿಕೆ ಹುಟ್ಟೀತು ಎಂದುಕೊಂಡೆ. ಹೆದರಿಕೆ ಹುಟ್ಟಿತು, ಆದರೆ ಅದು ಹೋಗಿ ಬಿದ್ದದ್ದು ಯಾರ ಮೇಲೆ ಎಂಬುದು ಮುಂದಿನ ಗಳಿಗೆಯಲ್ಲಿ ತಿಳಿಯಿತು. ಪದ್ದಮ್ಮ ಜಲಜಳ ಕೆನ್ನೆಗೆ ಬಾರಿಸಿದರು.

"ಮಾಟ ಮಾಡ್ಸಿದ್ಯಾ? ನನ್ ಮಗನ ಹೊಸ ಮಂಚಕ್ಕೆ ಮಾಟ ಮಾಡ್ಸಿದ್ಯಾ?" ಎಂದು ಆಚಾರ್ರ ಚೀಲದಿಂದ ಉಳಿ ಎಳೆದು ಅವಳ ಕೈಗೆ ತುರುಕಿದರು. "ನಿನ್ನ ಕಾಂಬು ಕಣ್ಣಲ್ದಾ? ನೀನೇ ತೆಗಿ."

ನಾನು ನಡುವೆ ಹೋದೆ. ಹಲಗೆ ಕಳಚಿ ತೆಗೆದುಕೊಂಡು ಹೋಗುತ್ತೇನೆ, ಅವಳನ್ನು ಬಿಡಿ ಎಂದು ಗಟ್ಟಿಯಾಗಿಯೇ ಕೂಗಾಡಿದೆ. ನನ್ನನ್ನು ಸುಮ್ಮನಾಗಿಸಿದ್ದು ಪದ್ದಮ್ಮನಲ್ಲ, ಜಲಜ. ನನ್ನ ಕೈಯನ್ನು ಮೆಲ್ಲಗೆ ಬಿಡಿಸಿ, "ಬಿಡಿ ಅಕ್ಕ. ಇದ್ ಮಾಡಿರೆ ನನ್ನ ಇಲ್ಲ್ ಇಪ್ಪುಕೆ ಬಿಡ್ತ್ರೇನೋ" ಎಂದಳು.

ಒಬ್ಬೊಬ್ಬಳದೇ ಕಣ್ಣು ಕೆರೆದಳು. ಬಣ್ಣ ಹೋಯಿತು, ಬಣ್ಣದಡಿಯ ಸಫೇದ ಹೋಯಿತು, ಹಲಸಿನ ಹಳದಿ ಮರ ಕಂಡಿತು. ಬಿಳಿಯ ಪುಡಿ ಮಂಚದ ಹೊಸ ಹಾಸಿಗೆಯ ಮೇಲೆ ಉದುರಿತು. ಆ ಕರಕರ ಸದ್ದಿಗೆ ನನ್ನ ಹಲ್ಲು ಜುಮ್ಮೆಂದದ್ದು ಇವತ್ತಿಗೂ ಹಾಗೆಯೇ ನೆನಪಿದೆ. ಆರನೆಯವಳು ಆಚೆ ತುದಿಯಲ್ಲಿದ್ದಳು. ಜಲಜ ನಮಗೆ ಬೆನ್ನು ಹಾಕಿ ಅದರ ಮೇಲೆ ಬಗ್ಗಿದಳು. ಏನೋ ಪಿಸುಗುಟ್ಟಿದ ಹಾಗಾಯಿತು. ಸ್ವಲ್ಪ ಹೊತ್ತಾದ ಮೇಲೆ ತಿರುಗಿ ಉಳಿಯನ್ನು ಅತ್ತೆಗೆ ಕೊಟ್ಟಳು. ಪದ್ದಮ್ಮ ದೂರದಿಂದಲೇ ಚಿತ್ರದ ಕಡೆ ಒಮ್ಮೆ ಕಣ್ಣು ಹಾಯಿಸಿದರು.

"ಈಗ ಹೊರಡ್" ಎಂದರು.

"ಅತ್ತೀ, ಕ್ವಾಣಿ ಕೊಡ್ತೆ ಅಂದಿದ್ರಿ."

"ಮಾಟಗಾತಿಗ್ ಕ್ವಾಣಿಯಾ?"

ಗಂಡನಿಗೆ ಒಂದು ಫೋನು ಮಾಡಲು ಬಿಡಿ ಎಂದು ಕೇಳಿಕೊಂಡಳು. ಪದ್ದಮ್ಮನೇ ಮಾಡಿ ಕೊಟ್ಟರು. ಹೋಟೆಲಿನಲ್ಲಿ ಗಿರಾಕಿ ಹೆಚ್ಚಿದ್ದಾರೆ, ಅಮ್ಮ ಹೇಳಿದ ಹಾಗೆ ಮಾಡು ಎಂದು ಅವನು ಇಟ್ಟುಬಿಟ್ಟನಂತೆ. ಅವಳು ಎರಡು ಸೀರೆ ತುಂಬಿದ ಪ್ಲಾಸ್ಟಿಕ್ ಚೀಲ ಹಿಡಿದು ನಮ್ಮ ಟೆಂಪೋ ಹತ್ತಿದಳು. ಆ ಕೈಗನ್ನಡಿಯನ್ನೂ ಪದ್ದಮ್ಮ ಕೊಡಲಿಲ್ಲ, ಹಿಡಿ ಹಿತ್ತಾಳೆಯದ್ದೆಂದು. ಚಿತ್ರದ ಹಲಗೆಯನ್ನು ಆಚಾರ್ರು ಕಳಚಿದರು. ಕೆರೆದ ಮುಖಗಳನ್ನು ನೋಡುವ ಶಕ್ತಿ ನನಗಿರಲಿಲ್ಲ. ಮುಖ ತಿರುಗಿಸಿಯೇ ಹಳೆಯ ಬೆಡ್‌ಶೀಟು ಸುತ್ತಿ ಹಗ್ಗ ಬಿಗಿದೆ.

ತ್ರಾಸಿಯಲ್ಲಿ ಸಮುದ್ರ ಕಂಡಾಗ ಅವಳು ಮೊದಲ ಸಲ ಬಾಯಿ ಬಿಟ್ಟಳು. "ಅಕ್ಕ, ಚಿತ್ರ ಹಾಳಾಯ್ತಂದೇಳಿ ನಿಮ್ಗ್ ಬೇಜಾರಾಯ್ತಾ?" ಎಂದು ಕೇಳಿದಳು. ನಾನು ಅತ್ತುಬಿಟ್ಟೆ. ನಮ್ಮ ಮನೆಯಲ್ಲಿ ಇರು ಎಂದು ಎಷ್ಟು ಹೇಳಿದರೂ ಒಪ್ಪದೆ ಕುಂದಾಪುರದಲ್ಲಿ ಇಳಿದು ಬಾರ್ಕೂರಿನ ಬಸ್ಸು ಹತ್ತಿದಳು. ಅವಳು ಹೋದ ಮೇಲೆ ಆಚಾರ್ರನ್ನು, "ನೀವೂ ಕಂಡ್ರಿಯಲ್ದಾ?" ಎಂದು ಕೇಳಿದೆ. "ನಾನ್ ಎಂತದೂ ಕಾಣ್ಲಿಲ್ಲ" ಎಂದರು. ಆದರೆ ಆ ಉಳಿಯನ್ನು ಅವರು ಮತ್ತೆ ಮುಟ್ಟಲಿಲ್ಲ, ನಮ್ಮ ಅಂಗಳದ ಬಾವಿಗೆ ಎಸೆದರು.

ಆಮೇಲೆ ನನಗೆ ನಾನೇ ನೂರು ಕಾರಣ ಹೇಳಿಕೊಂಡೆ. ಉಪ್ಪುಗಾಳಿಗೆ ಬಣ್ಣ ಒಣಗಿರಲಿಲ್ಲ, ಬಿಸಿಲು ಕಿಟಕಿಯಿಂದ ಓರೆಯಾಗಿ ಬೀಳುತ್ತಿತ್ತು, ಅವಳ ಕಥೆ ಕೇಳಿ ನನ್ನ ತಲೆ ಕೆಟ್ಟಿತ್ತು. ಆದರೆ ಪದ್ದಮ್ಮನ ತಲೆ ಕೆಟ್ಟಿರಲಿಲ್ಲವಲ್ಲ, ಅವರಿಗೂ ಅದೇ ಕಂಡಿತಲ್ಲ. ಹಲಗೆಯನ್ನು ಕಾರ್ಖಾನೆಯ ಅಟ್ಟಕ್ಕೆ ಹಾಕಿದೆ. ಮನೆಸಾಮಾನಿಗೆ ಮನುಷ್ಯರ ಮುಖ ಬರೆಯುವುದನ್ನೂ ಅಂದೇ ನಿಲ್ಲಿಸಿದೆ. ಈಗ ಬರೀ ಹೂ ಬಳ್ಳಿ.

ಆ ಮನೆ ಹಾಳಾಯಿತು ಎಂದು ಕೇಳಲು ಕಾದಿರುವವರು ನಿರಾಶರಾಗಬೇಕು. ಮದುವೆ ಜೋರಾಗಿಯೇ ನಡೆಯಿತು. ಹೊಸ ಮಂಚ ಅಂಗಡಿಯಿಂದ ಬಂತು. ವರ್ಷದೊಳಗೆ ಗಂಡು ಮಗು, ಅದರ ಬೆನ್ನಿಗೆ ಇನ್ನೊಂದು. ಮಗ ಎರಡನೆಯ ಹೋಟೆಲು ತೆರೆದ. ಪದ್ದಮ್ಮ ಮೊಮ್ಮಕ್ಕಳನ್ನು ಆಡಿಸಿ, ಒಂದು ದಿನವೂ ಹಾಸಿಗೆ ಹಿಡಿಯದೆ, ನಿದ್ದೆಯಲ್ಲಿಯೇ ಹೋದರಂತೆ. ಪುಣ್ಯವಂತೆ ಎಂದು ಊರೆಲ್ಲ ಹೇಳಿತು.

ಇದಾಗಿ ಹತ್ತು ವರ್ಷದ ಮೇಲೆ ಬ್ರಹ್ಮಾವರದ ಬಸ್‌ಸ್ಟ್ಯಾಂಡಿನಲ್ಲಿ ಯಾರೋ "ಅಕ್ಕ" ಎಂದರು. ಗುರುತು ಹತ್ತಲಿಲ್ಲ. ಕೈ ನೋಡಿ ಯಾರೋ ಗೇರುಬೀಜ ಕಾರ್ಖಾನೆಯವಳು ಎಂದುಕೊಂಡೆ. ಬೀಜದ ಎಣ್ಣೆಗೆ ಬೆರಳೆಲ್ಲ ಸುಟ್ಟು ಕಪ್ಪಾಗಿತ್ತು. ಮುಖ ನೋಡಿದಾಗ ಜಲಜ. ತಮ್ಮನ ಮನೆಯ ಕೊಟ್ಟಿಗೆಯ ಬದಿಗೆ ಅವಳಿಗೊಂದು ಜಾಗ ಕೊಟ್ಟಿದ್ದರಂತೆ. ಸಂಬಳ ತಂದು ತಮ್ಮನ ಹೆಂಡತಿಯ ಕೈಗೆ ಕೊಟ್ಟರೆ ಊಟ. ಇದನ್ನೆಲ್ಲ ಬೇರೆ ಯಾರದೋ ಸುದ್ದಿ ಎಂಬಂತೆ ಹೇಳಿದಳು. ಆಮೇಲೆ ಆ ಚಿತ್ರ ಏನಾಯಿತೆಂದು ಕೇಳಿದಳು.

ಅಟ್ಟದಲ್ಲಿದೆ, ಸುತ್ತಿಟ್ಟದ್ದು ಬಿಚ್ಚಿಲ್ಲ, ಆರೂ ಮುಖದ ಕಣ್ಣು ಕಿತ್ತದ್ದನ್ನು ನೋಡುವ ಧೈರ್ಯ ನನಗಿಲ್ಲ ಎಂದೆ.

"ಆರಲ್ಲ ಅಕ್ಕ, ಐದೇ" ಎಂದಳು. "ಕಡೇದಕ್ಕೆ ನಾನ್ ಉಳಿ ಮುಟ್ಟಿಸ್ಲಿಲ್ಲ. ಕೈ ಬರ್ಲಿಲ್ಲ. ಅತ್ತಿ ಕಾಂತ್ರ್, ಕಣ್ಣ್ ಮುಚ್ಕೊ ಮಾರಾಯ್ತಿ ಅಂದೆ. ಮುಚ್ಕಂಡ್ತ್."

ಅವಳು ನಕ್ಕು, "ಹುಟ್ಟಿದ್ ಮೇಲೆ ನಾನ್ ಹೇಳ್ದ್ ಮಾತ್ ಕೇಂಡದ್ ಅದೊಂದೇ" ಎಂದಳು. ಬಾರ್ಕೂರಿನ ಬಸ್ಸು ಬಂತು. ಒಮ್ಮೆ ಕುಂದಾಪುರಕ್ಕೆ ಬಾ, ಇಬ್ಬರೂ ಸೇರಿ ನೋಡೋಣ ಎಂದು ಅವಳ ಹಿಂದೆ ಓಡಿ ಹೇಳಿದೆ. ಮೆಟ್ಟಿಲ ಮೇಲೆ ನಿಂತು ತಲೆ ಅಲ್ಲಾಡಿಸಿದಳು. "ಬ್ಯಾಡ ಅಕ್ಕ. ನಾನ್ ಬಂದ್ರೆ ಅದ್ ಕಣ್ಣ್ ಬಿಡತ್ತ್. ನನ್ನ ಈಗ ಕಂಡ್ ಅದಕ್ಕೆಂತ ಆಯ್ಕ್?"

ಮನೆಗೆ ಹೋಗದೆ ನೇರ ನಮ್ಮ ಕಾರ್ಖಾನೆಗೆ ಹೋದೆ. ಅಟ್ಟದಿಂದ ಹಲಗೆ ಇಳಿಸಿ, ಹಗ್ಗ ಕೊಯ್ದು, ಬೆಡ್‌ಶೀಟು ಬಿಡಿಸಿ ಬಿಸಿಲಿಗೆ ಒಡ್ಡಿದೆ. ಐವರ ಮುಖದಲ್ಲಿ ಉಳಿಯ ಗಾಯ ಹಾಗೆಯೇ ಇತ್ತು. ಆರನೆಯವಳ ಮುಖದಲ್ಲಿ ಒಂದು ಗೀರೂ ಇರಲಿಲ್ಲ. ಸಫೇದ ಎಲ್ಲೂ ಒಡೆದಿರಲಿಲ್ಲ, ಬಣ್ಣ ಎಲ್ಲೂ ಎದ್ದಿರಲಿಲ್ಲ. ಬೆರಳು ಆಡಿಸಿ ನೋಡಿದೆ, ಭೂತಗನ್ನಡಿ ಹಿಡಿದು ನೋಡಿದೆ. ಎರಡೂ ರೆಪ್ಪೆ ಮುಚ್ಚಿದ್ದವು. ರೆಪ್ಪೆಯ ಗೆರೆ ನನ್ನ ಕೈಯದೇ, ಶುರುವಿನಲ್ಲಿ ತೆಳ್ಳಗೆ ಹೋಗಿ ಕೊನೆಗೆ ತುಸು ಒತ್ತಿ ಎತ್ತುವುದು ಗುರುಗಳು ತಿದ್ದಿ ತಿದ್ದಿ ಕಲಿಸಿದ ನನ್ನದೇ ಅಭ್ಯಾಸ. ಆದರೆ ನಾನು ನನ್ನ ಜನ್ಮದಲ್ಲಿ ಮುಚ್ಚಿದ ಕಣ್ಣು ಬರೆದವಳಲ್ಲ.

ಇದಕ್ಕೆ ನಿಮ್ಮಲ್ಲಿ ಉತ್ತರವಿದ್ದರೆ ಹೇಳಿ, ಈ ಸಲ ನಾನು ನಗುವುದಿಲ್ಲ. ಹಲಗೆ ಈಗ ನನ್ನ ಕೆಲಸದ ಕೋಣೆಯಲ್ಲಿದೆ. ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಮೊದಲು ಆ ಮುಖ ನೋಡುತ್ತೇನೆ, ರೆಪ್ಪೆ ಮುಚ್ಚಿಯೇ ಇರುತ್ತದೆ. ಬಾರ್ಕೂರಿಗೆ ಹೋಗಿ ಜಲಜಳ ಕೈ ಹಿಡಿದು ಒಮ್ಮೆ ಇಲ್ಲಿಗೆ ಕರೆತರಬೇಕು ಎಂದು ಎಷ್ಟೋ ಸಲ ಚೀಲ ಹಿಡಿದು ಹೊರಟಿದ್ದೇನೆ. ಸಖಿ ಕಣ್ಣು ಬಿಟ್ಟರೆ ಮೊದಲು ಕಾಣುವ ಆ ಸುಟ್ಟ ಬೆರಳು ನೆನಪಾಗಿ ಪ್ರತಿ ಸಲವೂ ಬಸ್‌ಸ್ಟ್ಯಾಂಡಿನಿಂದ ಹಿಂದಿರುಗಿದ್ದೇನೆ.